ಬೇಸ್‌ಮೆಂಟಿನ ಹಂಡೆ

ನಮ್ಮ ಕನ್ನಡ ಕೂಟದ ಪತ್ರಿಕೆಯ ಈ ಸಂಚಿಕೆಗೆ ಸಂಪಾದಕೀಯ ಕೊಡುವುದು ತಡವಾಯಿತು. ಕಾರ್ಯದರ್ಶಿಗಳು ಮೂರು ಸಲ ನೆನಪು ಮಾಡಿದರು. ವಿಷಯವನ್ನೂ ಅವರೇ ಕೊಟ್ಟಿದ್ದರು: ಮುಂದಿನ ಪೀಳಿಗೆಗೆ ನಮ್ಮ ಸಂಸ್ಕೃತಿ. ಕೂತು ಎರಡು ಪ್ಯಾರಾ ಬರೆದೆ. ಓದಿ ನೋಡಿದರೆ ಹೋದ ವರ್ಷ ಬರೆದದ್ದನ್ನೇ ತಿರುಗಿಸಿ ಬರೆದ ಹಾಗಿತ್ತು. ಅಳಿಸಿಬಿಟ್ಟೆ. ಅದರ ಬದಲು ಈ ದೀಪಾವಳಿಗೆ ನಮ್ಮನೆಯ ಬೇಸ್‌ಮೆಂಟಿನಲ್ಲಿ ಏನಾಯಿತು ಅಂತ ಹೇಳುತ್ತೇನೆ. ಕಾರ್ಯದರ್ಶಿಗಳು ಹೊಟ್ಟೆಗೆ ಹಾಕಿಕೊಳ್ಳಬೇಕು.

ಅಕ್ಟೋಬರ್ 19, ಭಾನುವಾರ. ಮಾರನೆಯ ದಿನ ನರಕ ಚತುರ್ದಶಿ. ಅಮ್ಮನಿಗೆ ಫೋನ್ ಮಾಡಿದ್ದೆ. ಇಲ್ಲಿ ಒಹಾಯೋದಲ್ಲಿ ಸಂಜೆ ಏಳು ಅಂದರೆ ತಿಪಟೂರಿನಲ್ಲಿ ಸೋಮವಾರ ಬೆಳಗಿನ ಜಾವ ನಾಲ್ಕೂವರೆ. ಅಮ್ಮ ಆಗಲೇ ಎದ್ದು ತಲೆಗೆ ಎಣ್ಣೆ ಒತ್ತಿಕೊಂಡು ಕೂತಿದ್ದಳು. ವಿಡಿಯೋದಲ್ಲಿ ಹಣೆ ಮಿರಮಿರ ಮಿಂಚುತ್ತಿತ್ತು.

"ನೀರು ತುಂಬಿದ್ರೇನೇ?" ಅಂದಳು.

"ಎಲ್ಲಿಗಮ್ಮ ತುಂಬೋದು? ಇಲ್ಲಿ ನಲ್ಲಿ ತಿರುಗಿಸಿದ್ರೆ ಬಿಸಿನೀರು ಬರುತ್ತೆ."

ನನ್ನ ಐದು ವರ್ಷದ ಮಗ ಅಲ್ಲೇ ನೆಲದ ಮೇಲೆ ಕಾರು ಓಡಿಸುತ್ತಿದ್ದ. "ನಲ್ಲಿಗೆ ಬಿಸಿನೀರು ಎಲ್ಲಿಂದ ಬರುತ್ತೆ?" ಅಂದ. ಬೇಸ್‌ಮೆಂಟಿನಿಂದ, ಅಲ್ಲೊಂದು ದೊಡ್ಡ ಡ್ರಮ್ಮು ಇದೆ ನೋಡು, ಅದರಿಂದ ಅಂದೆ. "ಹಾಗಾದ್ರೆ ಅಲ್ಲಿಗೇ ತುಂಬೋಣ" ಅಂತ ಎದ್ದು ನಿಂತ.

ನೀರು ತುಂಬುವ ಹಬ್ಬ ಕಾಣದೆ ಬೆಳೆದವರೂ ನಮ್ಮ ಕೂಟದಲ್ಲಿದ್ದಾರೆ. ಅವರಿಗಾಗಿ ಸ್ವಲ್ಪ ಹೇಳುತ್ತೇನೆ. ತಿಪಟೂರಿನ ನಮ್ಮಜ್ಜಿ ಮನೆಯಲ್ಲಿ ಬಚ್ಚಲು ಅಂದರೆ ಹಿತ್ತಿಲ ಕಡೆಯ ಕತ್ತಲೆ ಕೋಣೆ. ಮೂಲೆಯಲ್ಲಿ ಒಲೆ. ಅದರ ಮೇಲೆ ಕೂರಿಸಿ ಸುತ್ತ ಮಣ್ಣು ಮೆತ್ತಿದ ತಾಮ್ರದ ಹಂಡೆ. ತೆಂಗಿನ ಸೀಮೆ ಅಲ್ವಾ, ಉರಿಗೆ ಮಟ್ಟೆ, ಗರಿ, ಚಿಪ್ಪು. ಸೌದೆ ಕೊಂಡದ್ದೇ ನನಗೆ ನೆನಪಿಲ್ಲ. ಹಬ್ಬದ ಹಿಂದಿನ ದಿನ ಹಂಡೆ ಬರಿದು ಮಾಡಿ ಒಳಗಿನಿಂದ ಬೆಳಗಬೇಕು. ದೊಡ್ಡವರ ಕೈ ತಳಕ್ಕೆ ಎಟುಕುತ್ತಿರಲಿಲ್ಲ. ಹಾಗಾಗಿ ನಮ್ಮಲ್ಲಿ ಯಾರು ಚಿಕ್ಕವರೋ ಅವರನ್ನು ಎತ್ತಿ ಒಳಗೆ ಇಳಿಸಿಬಿಡುತ್ತಿದ್ದರು. ಕೈಯಲ್ಲಿ ಹುಣಸೆಹಣ್ಣು, ಉಪ್ಪು. ನಾನು ಎರಡು ವರ್ಷ ಇಳಿದಿದ್ದೇನೆ. ಒಳಗೆ ಕೂತು "ಕೂ" ಅಂದರೆ ಹಂಡೆಯೂ "ಕೂ" ಅನ್ನುತ್ತಿತ್ತು. ಮೂರನೇ ವರ್ಷ ತಮ್ಮನನ್ನು ಇಳಿಸಿದರು. ಅವತ್ತು ನಾನು ಊಟ ಬಿಟ್ಟು ಕೂತಿದ್ದೆ.

ಬೆಳಗಿದ ಮೇಲೆ ಬಾವಿಯಿಂದ ಸೇದಿ ತುಂಬುವುದು. ಕೊಡ ಎತ್ತಲಾರದ ಮಕ್ಕಳಿಗೆ ಒಂದೊಂದು ಚೊಂಬು. ಹಂಡೆಯ ಕೊರಳಿಗೆ ಸುಣ್ಣದ ಪಟ್ಟೆ, ಕುಂಕುಮ, ಹಾಗಲಬಳ್ಳಿ. ಹಾಗಲಬಳ್ಳಿಯೇ ಯಾಕೆ ಅಂತ ಈ ಸಲ ಅಮ್ಮನನ್ನು ಕೇಳಿದೆ. "ಕಟ್ತಾ ಇದ್ವಿ ಕಣೆ" ಅಂದಳು. ಅಷ್ಟೇ ಉತ್ತರ.

ಸರಿ, ಬೇಸ್‌ಮೆಂಟಿಗೆ ಬರೋಣ. ನಮ್ಮದು 50 ಗ್ಯಾಲನ್ ವಾಟರ್ ಹೀಟರು, ಅಂದರೆ ಸುಮಾರು 190 ಲೀಟರ್. ಅಜ್ಜಿಯ ಹಂಡೆಗಿಂತ ದೊಡ್ಡದೇ ಇರಬೇಕು. ಆದರೆ ನೋಡಲು ಏನೇನೂ ಚೆಂದವಿಲ್ಲ. ಎಂಟು ವರ್ಷದ ಮಗಳು ಎಚ್ಚರಿಕೆಯ ಲೇಬಲುಗಳನ್ನೆಲ್ಲ ಗಟ್ಟಿಯಾಗಿ ಓದಿದಳು. ಮಗ ಸುತ್ತು ಹೊಡೆದು "ಇದಕ್ಕೆ ಕೊರಳು ಎಲ್ಲಿ?" ಅಂದ. ಕೊರಳಿಲ್ಲ. ಬಾಯಿಯೂ ಇಲ್ಲ. ನಾವು ತುಂಬುವುದೂ ಬೇಕಿಲ್ಲ, ಅದು ಯಾವಾಗಲೂ ತುಂಬೇ ಇರುತ್ತದೆ. ನಾನು ಇದನ್ನೆಲ್ಲ ವಿವರಿಸುವಷ್ಟರಲ್ಲಿ ಅವನು ಪಕ್ಕದಲ್ಲೊಂದು ಬಕೆಟ್ ತಂದಿಟ್ಟಿದ್ದ. ಅಡುಗೆಮನೆಯ ನಲ್ಲಿಯೇ ಬಾವಿ. ಚೊಂಬು ತುಂಬಿಕೊಂಡು ಮೆಟ್ಟಿಲಿಳಿದು ಬಂದು ಬಕೆಟ್ಟಿಗೆ ಸುರಿಯುವುದು, ಮತ್ತೆ ಮೇಲೆ ಓಡುವುದು. ಅರ್ಧ ನೀರು ಮೆಟ್ಟಿಲಿಗೆ. ನನ್ನ ಗಂಡ ಹಿಂದೆಯೇ ಟವೆಲ್ ಹಿಡಿದು ಒರೆಸುತ್ತಾ ಬಂದರು. ಹಬ್ಬದ ದಿನ ಅವರಿಗೆ ಇದಕ್ಕಿಂತ ಜಾಸ್ತಿ ಕೆಲಸ ನಾನು ಯಾವತ್ತೂ ಕೊಟ್ಟಿಲ್ಲ ಅಂತ ಆಮೇಲೆ ಹೊಳೆಯಿತು.

ಅಲಂಕಾರಕ್ಕೆ ಮಗಳು ಬಳ್ಳಿ ಹುಡುಕಲು ಟಾರ್ಚ್ ಹಿಡಿದು ಹಿತ್ತಿಲಿಗೆ ಹೊರಟಳು. ಈ ಸೀಮೆಯಲ್ಲಿ ಬಳ್ಳಿ ಅಂದರೆ ನನಗೆ ಮುಟ್ಟಿದರೆ ಮೈಯೆಲ್ಲ ತುರಿಸುವ ಪಾಯ್ಸನ್ ಐವಿಯ ಭಯ. ಬೇಡ ಅಂದೆ. ಫ್ರಿಜ್ಜಿನಲ್ಲಿ ಗೊಜ್ಜಿಗೆ ಅಂತ ತಂದ ಹಾಗಲಕಾಯಿ ಇತ್ತು. ಬಳ್ಳಿ ಇಲ್ಲದಿದ್ದರೆ ಕಾಯಿ. ಎರಡು ಕಾಯಿಗೆ ದಾರ ಕಟ್ಟಿ, ಜೊತೆಗೆ ಚೆಂಡುಹೂವು ಪೋಣಿಸಿ, ತಣ್ಣೀರು ಒಳಗೆ ಬರುವ ಪೈಪಿಗೆ ಇಳಿಬಿಟ್ಟೆವು. ನೀವೂ ಮಾಡುವುದಾದರೆ ಒಂದು ಮಾತು: ಹೊಗೆ ಹೋಗುವ ಕೊಳವೆ ಬಿಸಿಯಾಗುತ್ತದೆ, ಅದಕ್ಕೆ ಏನೂ ಕಟ್ಟಬೇಡಿ. ಗ್ಯಾಸ್ ಹೀಟರಿನ ಹತ್ತಿರ ದೀಪವೂ ಬೇಡ. ಸುಣ್ಣದ ಬದಲು ಅಕ್ಕಿಹಿಟ್ಟು ಕಲಸಿ ಪಟ್ಟೆ ಎಳೆದೆವು. ಮಗ ತನ್ನ ಕೈಗೆ ಎಟುಕುವಷ್ಟು ಎತ್ತರದಲ್ಲಿ ಕುಂಕುಮ ಇಟ್ಟ. ಮೂರು ಇಡು ಅಂದರೆ ಹನ್ನೊಂದು ಇಟ್ಟ.

ಇದನ್ನೆಲ್ಲ ಅಮ್ಮ ಫೋನಿನಲ್ಲಿ ನೋಡುತ್ತಲೇ ಇದ್ದಳು. "ನಿಮ್ಮ ಹಂಡೆ ತೋರಿಸು ಅಜ್ಜಿ" ಅಂದಳು ಮಗಳು. ಅಮ್ಮ ಸುಮ್ಮನಾದಳು. ಹಂಡೆ ಎಲ್ಲಿದೆ? ಹಳೇ ಮನೆ ಒಡೆಸಿದಾಗ ತೂಕಕ್ಕೆ ಹಾಕಿಯಾಯಿತು. ಈಗ ತಾರಸಿ ಮೇಲೆ ಸೋಲಾರು, ಬಚ್ಚಲಲ್ಲಿ ಗೀಸರು. ಅಮ್ಮ ಫೋನು ತಿರುಗಿಸಿ ತೋರಿಸಿದಳು. ಗೀಸರಿನ ಹೊಟ್ಟೆಯ ಮೇಲೆ ಒಂದು ಅರಿಶಿನ, ಒಂದು ಕುಂಕುಮ. ನಾವೇನೋ ಪರದೇಶದಲ್ಲಿ ಕೂತು ಊರಿನ ನಕಲು ಮಾಡುತ್ತಿದ್ದೇವೆ ಅಂದುಕೊಂಡಿದ್ದೆ. ಅಲ್ಲೂ ಅಮ್ಮ ಒಬ್ಬಳೇ ಅದನ್ನೇ ಮಾಡಿದ್ದಳು, ಹಾಗಲಕಾಯಿ ಒಂದು ಇರಲಿಲ್ಲ ಅಷ್ಟೇ.

ಸೋಮವಾರ ಶಾಲೆ. ನ್ಯೂಯಾರ್ಕ್ ನಗರದ ಶಾಲೆಗಳಿಗೆ 2024ರಿಂದ ದೀಪಾವಳಿಯ ರಜೆ ಇದೆ, ನಮ್ಮ ಕಡೆ ಇನ್ನೂ ಇಲ್ಲ. ಆದರೆ ಒಂದು ಅನುಕೂಲ ಇದೆ, ನಮ್ಮವರು ಯಾಕೋ ಅದನ್ನು ಗಮನಿಸಿಲ್ಲ. ಎಣ್ಣೆ ನೀರು ಹಾಕಿಕೊಳ್ಳಬೇಕಾದದ್ದು ಸೂರ್ಯ ಹುಟ್ಟುವ ಮುಂಚೆ. ಊರಿನಲ್ಲಿ ಅದಕ್ಕೆ ಐದು ಗಂಟೆಗೆ ಮಕ್ಕಳನ್ನು ಎಳೆದು ಎಬ್ಬಿಸಬೇಕು. ಇಲ್ಲಿ ಬೇಸಿಗೆಗೆ ಅಂತ ಒಂದು ಗಂಟೆ ಮುಂದಿಟ್ಟ ಗಡಿಯಾರ ನವೆಂಬರಿನವರೆಗೆ ಹಿಂದಕ್ಕೆ ಹೋಗುವುದಿಲ್ಲ. ಹಾಗಾಗಿ ಅಕ್ಟೋಬರ್ 20ಕ್ಕೆ ಸೂರ್ಯ ಹುಟ್ಟುವುದೇ ಏಳೂ ಮುಕ್ಕಾಲಿಗೆ. ಶಾಲೆಯ ಬಸ್ಸೇ ಕತ್ತಲಲ್ಲಿ ಬರುತ್ತದೆ. ಆರು ಗಂಟೆಗೆ ಆರಾಮಾಗಿ ಎದ್ದರೂ ಶಾಸ್ತ್ರಕ್ಕೆ ಏನೂ ಕೊರತೆಯಿಲ್ಲ.

ಮಣೆ ಇಲ್ಲ. ಮಕ್ಕಳು ವಾಶ್ ಬೇಸಿನ್ನಿಗೆ ಎಟುಕಲು ಹತ್ತುವ ಪ್ಲಾಸ್ಟಿಕ್ ಸ್ಟೂಲೇ ಮಣೆ. ಎಣ್ಣೆ ಹಚ್ಚುವ ಮುಂಚೆ ಏಳು ಜನ ಚಿರಂಜೀವಿಗಳ ಹೆಸರು ಹೇಳಿ ನೆಲಕ್ಕೆ ಏಳು ಬೊಟ್ಟು ಎಣ್ಣೆ ಇಡುವುದು ನಮ್ಮಜ್ಜಿಯ ಪದ್ಧತಿ. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ. ಆ ಕೆಲಸ ಮಗನಿಗೆ ಕೊಟ್ಟೆ. ಬಚ್ಚಲ ಟೈಲ್ಸಿನ ಚೌಕಕ್ಕೊಂದರಂತೆ ಬೊಟ್ಟು ಇಟ್ಟ. ಏಳು ಮುಗಿಸಿ ಎಂಟನೆಯದೂ ಇಟ್ಟ. ಇದು ಯಾರಿಗೋ ಅಂದರೆ "ಮುತ್ತಜ್ಜಿಗೆ. ಅವರೂ ಸಾಯಲ್ಲ ಅಲ್ವಾ?" ಅಂದ. ನಮ್ಮಜ್ಜಿಗೆ ಈಗ 93. ಶ್ಲೋಕದ ಮುಂದಿನ ಸಾಲಿನಲ್ಲಿ ನಿಜವಾಗಿಯೂ ಎಂಟನೆಯವರೊಬ್ಬರಿದ್ದಾರೆ, ಮಾರ್ಕಂಡೇಯ. ನಮ್ಮನೆಯಲ್ಲಿ ಆ ಬೊಟ್ಟು ಅಜ್ಜಿಯದಾಯಿತು. ಮಾರ್ಕಂಡೇಯ ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ.

ಮಗಳದ್ದು ಇಷ್ಟು ಸುಲಭವಿರಲಿಲ್ಲ. ಸೀಗೆಪುಡಿ ವಾಸನೆ ಬರುತ್ತೆ, ಕ್ಲಾಸಿನಲ್ಲಿ ಎಲ್ಲರೂ ಕೇಳ್ತಾರೆ ಅಂದಳು. ಎಣ್ಣೆಗೆ ಒಪ್ಪಿದಳು, ಸೀಗೆಪುಡಿಗೆ ಇಲ್ಲ. ಶಾಂಪೂ ಕೊಟ್ಟೆ. ಹಿಂದಿನ ವರ್ಷ ಸೀಗೆಪುಡಿಯಿಂದ ಟಬ್ಬಿನ ಮೋರಿ ಕಟ್ಟಿಕೊಂಡದ್ದನ್ನು ನೆನೆಸಿಕೊಂಡರೆ ಅವಳು ಹೇಳಿದ್ದೇ ಸರಿ ಅನ್ನಿಸಿತು. ಭಾನುವಾರದ ಬಕೆಟ್ಟಿಗೆ ಬಿಸಿನೀರು ಬೆರೆಸಿ ಇಬ್ಬರಿಗೂ ಮೊದಲ ಚೊಂಬು ಅದರಿಂದಲೇ ಹಾಕಿದೆ. "ಇದು ನಾನು ತಂದ ನೀರು" ಅಂತ ಮಗ ಅಕ್ಕನಿಗೆ ಪ್ರತಿ ಚೊಂಬಿಗೂ ಹೇಳಿದ.

ಮೂರು ವರ್ಷದ ಹಿಂದೆ ನಾನು ಇದೇ ಕೂಟದ ಮಕ್ಕಳಿಗೆ ದೀಪಾವಳಿ ಬಗ್ಗೆ 22 ಸ್ಲೈಡು ತೋರಿಸಿದ್ದೆ. ನಿಮ್ಮಲ್ಲಿ ಕೆಲವರು ಅದನ್ನು ಸಹಿಸಿಕೊಂಡಿದ್ದೀರಿ, ಥ್ಯಾಂಕ್ಸ್. ಕೊನೆಗೆ ಪ್ರಶ್ನೆ ಇದೆಯಾ ಅಂದಾಗ ಒಬ್ಬ ಹುಡುಗ ಕೈಯೆತ್ತಿದ. ಊಟ ಎಷ್ಟು ಹೊತ್ತಿಗೆ ಅಂತ ಕೇಳಿದ. ನನಗೆ ಅವತ್ತು ಸಿಟ್ಟು ಬಂದಿತ್ತು. ಮಕ್ಕಳು ಯಾಕೆ, ಏನು ಅಂತ ಕೇಳುತ್ತಾರೆ, ನಾವು ಉತ್ತರ ಇಟ್ಟುಕೊಂಡಿರಬೇಕು ಅಂತಲೇ ನಾವೆಲ್ಲ ಅಂದುಕೊಂಡಿದ್ದೇವೆ. ನಮ್ಮನೆಯ ಐದು ವರ್ಷದವನು ಆ ಎರಡು ದಿನದಲ್ಲಿ ಯಾಕೆ ಅಂತ ಒಂದು ಸಲವೂ ಕೇಳಲಿಲ್ಲ. "ಈಗ ನಾನೇನು ಮಾಡ್ಲಿ?" ಅಂತ ಮಾತ್ರ ಹದಿನೈದು ಸಲ ಕೇಳಿದ. ನನ್ನನ್ನು ಹಂಡೆಯೊಳಗೆ ಇಳಿಸಿದಾಗಲೂ ಯಾರೂ ಅರ್ಥ ಹೇಳಿರಲಿಲ್ಲ. ಹುಣಸೆಹಣ್ಣು ಕೊಟ್ಟಿದ್ದರು.

ಅರ್ಥ ಗೊತ್ತಿಲ್ಲದೆ ಮಾಡಿದರೆ ಅದು ಬರೀ ಕಂದಾಚಾರ ಅಲ್ವಾ ಎಂದು ನಮ್ಮ ಸಮಿತಿಯಲ್ಲೇ ಒಬ್ಬರು ವಾದಿಸಿದರು. ಅವರ ಮಾತು ಪೂರ್ತಿ ತಪ್ಪಲ್ಲ. ಆದರೆ ಮಗಳು ತಾನಾಗಿಯೇ ಕೇಳಿದಳು, ಬಸ್ಸಿಗೆ ಕಾಯುವಾಗ, ಆ ಕತ್ತಲಲ್ಲಿ. ಕೃಷ್ಣ ನರಕಾಸುರನನ್ನು ಕೊಂದು ಬಂದು ಎಣ್ಣೆ ಸ್ನಾನ ಮಾಡಿದ ಅಂದೆ. "ರಕ್ತ ಹೋಗಕ್ಕಾ?" ಅಂದಳು. ಹೌದು ಅಂದೆ. "ಅವನೂ ಶಾಂಪೂ ಹಾಕ್ಕೊಂಡಿರಲ್ಲ ಬಿಡು" ಅಂದು ಬಸ್ ಹತ್ತಿದಳು. ನನ್ನ 22 ಸ್ಲೈಡಿನಲ್ಲಿ ಇದು ಇರಲಿಲ್ಲ.

ಬುಧವಾರ ಬಲಿಪಾಡ್ಯಮಿ. ಸೋಮವಾರ ಬೊಟ್ಟು ಇಟ್ಟ ಬಲಿಯೇ ಇವತ್ತು ಬರುವವನು ಅಂತ ಮಗನಿಗೆ ಗೊತ್ತಾದದ್ದೇ ತಡ, ಬಾಗಿಲು ತೆರೆದಿಡಬೇಕು ಅಂತ ಹಠ. ಹೊರಗೆ ಕೊರೆಯುವ ಚಳಿ. ಹತ್ತು ನಿಮಿಷ ತೆರೆದಿಟ್ಟೆವು.

ಉಳಿದವರ ಮನೆಯಲ್ಲಿ ಏನಾಯಿತು ಅಂತ ವಾಟ್ಸಾಪಿನಲ್ಲಿ ಕೇಳಿದ್ದೆ. ಧಾರವಾಡ ಕಡೆಯ ಒಂದು ಮನೆಯವರು ಪಾಡ್ಯದ ದಿನ ಹೊಸ್ತಿಲಲ್ಲಿ ಪಾಂಡವರನ್ನು ಕೂರಿಸುತ್ತಾರೆ. ಊರಲ್ಲಿ ಸಗಣಿಯಲ್ಲಿ ಮಾಡುವುದು. ಇಲ್ಲಿ ಮಕ್ಕಳು ಕಂದು ಬಣ್ಣದ ಪ್ಲೇಡೋದಲ್ಲಿ ಮಾಡಿದರಂತೆ. ಕಂದು ಬಣ್ಣ ನಾಲ್ವರಿಗಷ್ಟೇ ಸಾಕಾಯಿತು. ಸಹದೇವ ನೇರಳೆ ಬಣ್ಣದವನು. ಫೋಟೋ ಕೊನೆಯ ಪುಟದಲ್ಲಿದೆ, ನೋಡಿ. ಕುಂದಾಪುರದ ಕಡೆಯ ಇನ್ನೊಬ್ಬರು ಗದ್ದೆಯ ಬದಲು ಹಿತ್ತಿಲ ಹುಲ್ಲಿನಲ್ಲಿ ನಿಂತು ಬಲೀಂದ್ರನಿಗೆ ಕೂ ಹಾಕಿದರಂತೆ. ಅಕ್ಕಪಕ್ಕದವರಿಗೆ ಹೆದರಿ ಮೆಲ್ಲಗೆ ಹಾಕಿದರೆ ಮಕ್ಕಳು ಬಿಡಬೇಕಲ್ಲ, ಗಂಟಲು ಹರಿಯುವ ಹಾಗೆ ಕೂಗಿದರಂತೆ. ಪಕ್ಕದ ಮನೆಯ ನಾಯಿ ದನಿಗೂಡಿಸಿತಂತೆ. ಮತ್ತೊಬ್ಬ ತಾಯಿ ಬರೆದದ್ದು ನನಗೆ ತುಂಬಾ ಇಷ್ಟವಾಯಿತು: "ನಮ್ಮನೇಲಿ ಹಬ್ಬ ಅಂತ ಏನೂ ಮಾಡಲ್ಲ ಮೇಡಂ. ಶನಿವಾರ ರಾತ್ರಿ ಮಾತ್ರ ದೊಡ್ಡ ಬೋಗುಣಿಲಿ ಹುಳಿಯನ್ನ ಕಲಸಿ ಎಲ್ಲರಿಗೂ ಕೈತುತ್ತು. ಎದುರುಮನೆ ಹುಡುಗನೂ ಕೈ ಚಾಚ್ಕೊಂಡು ಬರ್ತಾನೆ."

ಕಳೆದ ವಾರ ಹೀಟರಿನ ವಾರ್ಷಿಕ ತಪಾಸಣೆಗೆ ಒಬ್ಬರು ಬಂದಿದ್ದರು. ಹಾಗಲಕಾಯಿ ಅಷ್ಟರಲ್ಲಿ ಒಣಗಿ ಸುರುಟಿತ್ತು, ತೆಗೆಯಲು ಮರೆತಿದ್ದೆ. ಅವರು ಅದನ್ನೇ ನೋಡುತ್ತಾ ನಿಂತರು. ನಾನು ಏನು ಹೇಳಲಿ ಅಂತ ಇಂಗ್ಲಿಷ್ ಪದ ಹುಡುಕುತ್ತಿದ್ದೆ. ಮಗ ಮುಂದೆ ಹೋಗಿ, ಅದು ನಮ್ಮ ಹಂಡೆ, ಕುಂಕುಮ ಅಳಿಸಬೇಡಿ ಅಂದ. ಇಂಗ್ಲಿಷಿನಲ್ಲೇ ಹೇಳಿದ, ಹಂಡೆಯನ್ನು ಮಾತ್ರ ಹಂಡೆ ಅಂತಲೇ ಅಂದ. ಅವರು ತಲೆಯಾಡಿಸಿ ಕೆಲಸ ಮುಗಿಸಿದರು. ಪ್ರತಿವರ್ಷ ಅಂಟಿಸುವ ತಾರೀಖಿನ ಸ್ಟಿಕ್ಕರನ್ನು ಹನ್ನೊಂದು ಬೊಟ್ಟುಗಳ ಕೆಳಗೆ, ಒಂದಕ್ಕೂ ತಾಗದ ಹಾಗೆ ಅಂಟಿಸಿ ಹೋದರು.

ಈಗ ಕೂಟದ ವಿಷಯ. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಮಕ್ಕಳ ನೃತ್ಯ ಎಂದಿನಂತೆ ಇರುತ್ತದೆ, ಅಭ್ಯಾಸ ಮಾಡಿಸಿದವರ ಶ್ರಮ ದೊಡ್ಡದು. ನನ್ನ ಭಾಷಣಕ್ಕಿಟ್ಟ ಇಪ್ಪತ್ತು ನಿಮಿಷವನ್ನು ತೆಗೆದು ಊಟಕ್ಕೆ ಸೇರಿಸಿದ್ದೇವೆ. ಈ ಸಲ ಬಾಳೆಲೆ ಹಾಕಿ ಪಂಕ್ತಿ ಊಟ. ಎಲೆ ಒರೆಸುವುದು, ನೀರು ಇಡುವುದು, ಉಪ್ಪು ಮತ್ತು ಉಪ್ಪಿನಕಾಯಿ ಬಡಿಸುವುದು ಹತ್ತು ವರ್ಷದೊಳಗಿನ ಮಕ್ಕಳ ಕೆಲಸ. ಹೆಸರು ಕೊಡುವವರು ಕಾರ್ಯದರ್ಶಿಗಳಿಗೆ ತಿಳಿಸಿ. ಉಪ್ಪು ಎಲೆಯ ಎಡತುದಿಗೆ ಅಂತ ಮನೆಯಲ್ಲೇ ಒಂದೆರಡು ಸಲ ಮಾಡಿಸಿ ಕರೆತನ್ನಿ. ಪಾಯಸದ ಮೇಲೆ ಬಿದ್ದರೆ ಮಾತ್ರ ದೊಡ್ಡವರು ಸುಮ್ನೆ ತಿಂದುಬಿಡಿ.