ಲಸಿಕೆ ಹೋದ ದಾರಿಯಲ್ಲೇ ಯುವ ನೀತಿಯೂ ಹೋಗಲಿ

ಮಾನ್ಯ ಸಂಪಾದಕರೇ,

ದಕ್ಷಿಣ ಸುಡಾನ್ ನಮ್ಮ ಪತ್ರಿಕೆಗಳ ವಿದೇಶ ಪುಟಕ್ಕೆ ಬರುವುದು ಅಲ್ಲಿ ಗುಂಡು ಹಾರಿದಾಗ, ಇಲ್ಲವೇ ಚುನಾವಣೆ ಮುಂದಕ್ಕೆ ಹೋದಾಗ. 2024ರ ಡಿಸೆಂಬರ್‌ನಲ್ಲಿ ಆಗಬೇಕಿದ್ದ ಮೊದಲ ಚುನಾವಣೆಯನ್ನು 2026ರ ಡಿಸೆಂಬರ್‌ಗೆ ಹಾಕಿದ ಸುದ್ದಿಯನ್ನೂ ನಾನು ನಾಲ್ಕೇ ಸಾಲಿನಲ್ಲಿ ಓದಿದೆ. ಆ ದೇಶದಲ್ಲಿ ಒಂದು ವರ್ಷ ಇದ್ದು ಬಂದವನು ನಾನು. ಸೇನೆಯ ಪಶುವೈದ್ಯ ವಿಭಾಗದಲ್ಲಿ ಡ್ರೆಸ್ಸರ್ ಆಗಿದ್ದೆ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಜೊತೆ ಹೋದ ಭಾರತೀಯರು ಜೊಂಗ್ಲೈ ಪ್ರಾಂತ್ಯದ ಬೋರ್ ಪಟ್ಟಣದಲ್ಲಿ ನಡೆಸುತ್ತಿದ್ದ ದನದ ಆಸ್ಪತ್ರೆಯಲ್ಲಿ ನನ್ನ ಕೆಲಸ. ಅಲ್ಲಿನ ಯುವಜನರಿಗಾಗಿ ಎಲ್ಲರನ್ನೂ ಒಳಗೊಳ್ಳುವ ರಾಷ್ಟ್ರೀಯ ನೀತಿ ಬೇಕೆಂಬ ಮಾತು ಬಹಳ ದಿನದಿಂದ ನಡೆದಿದೆ. ಆ ‘ಎಲ್ಲರೂ’ ಯಾರು ಎಂಬುದನ್ನು ನಾನು ಕಂಡಷ್ಟು ಹೇಳಲು ಈ ಪತ್ರ.

ಬೋರ್‌ಗೆ ಹೋದ ಹೊಸತರಲ್ಲಿ ವೈರ್‌ಲೆಸ್‌ನಲ್ಲಿ ಪದೇ ಪದೇ ಕಿವಿಗೆ ಬೀಳುತ್ತಿದ್ದ ಪದ ‘ಯೂತ್’. ಅದರ ಮುಂದೆ ಯಾವಾಗಲೂ ‘ಆರ್ಮ್ಡ್’, ಅಂದರೆ ಬಂದೂಕು ಹಿಡಿದ, ಎಂಬುದೊಂದು ಅಂಟಿಕೊಂಡಿರುತ್ತಿತ್ತು. 2013ರ ಡಿಸೆಂಬರ್ 19ರಂದು ಜೊಂಗ್ಲೈನ ಅಕೋಬೋದಲ್ಲಿದ್ದ ವಿಶ್ವಸಂಸ್ಥೆಯ ಶಿಬಿರಕ್ಕೆ ನುಗ್ಗಿದ ಸುಮಾರು 2000 ಜನರನ್ನೂ ವರದಿಗಳು ಹಾಗೇ ಕರೆದವು. ಆ ದಿನ ಆಶ್ರಯ ಬೇಡಿ ಬಂದ ನಾಗರಿಕರ ಜೊತೆ ನಮ್ಮ ಇಬ್ಬರು ಯೋಧರೂ ಸತ್ತರು. ಅದನ್ನು ನಾನು ಮರೆಯುವವನಲ್ಲ. ಆದರೆ ಸುಮಾರು ನಾಲ್ವರಲ್ಲಿ ಮೂವರು 30 ದಾಟದ ದೇಶದಲ್ಲಿ ಯುವಕ ಎಂದರೆ ಬಂದೂಕು ಎಂದೇ ಆದರೆ ಆ ದೇಶದಲ್ಲಿ ಉಳಿಯುವವರು ಯಾರು?

ನನಗೆ ಆ ಹುಡುಗರು ಸಿಕ್ಕಿದ್ದು ದನಗಳ ಬೆನ್ನ ಹಿಂದೆ. ಮಳೆ ಮುಗಿದು ನೈಲ್ ಬಯಲಿನ ನೀರು ಇಳಿದ ಮೇಲೆ ಡಿಂಕಾ ಜನ ದನ ಹೊಡೆದುಕೊಂಡು ಜೌಗಿನ ಹುಲ್ಲಿಗೆ ಇಳಿಯುತ್ತಾರೆ. ಆ ಹುಲ್ಲುಗಾವಲಿಗೆ ಅವರು ‘ತೋಯಿಚ್’ ಎನ್ನುತ್ತಾರೆ. ಸಗಣಿ ಸುಟ್ಟ ಹೊಗೆ, ಸೊಳ್ಳೆಗೆಂದು ಮೈಗೆಲ್ಲ ಬೂದಿ, ಮಾರುದ್ದ ಕೊಂಬಿನ ದನ. ಹುಡುಗ ದೊಡ್ಡವನಾದ ಎಂದು ಶಾಸ್ತ್ರ ಮಾಡಿದಾಗ ಅವನಿಗೊಂದು ಎತ್ತು ಕೊಡುತ್ತಾರೆ, ಅದರ ಬಣ್ಣವೇ ಅವನ ಹೆಸರಾಗುತ್ತದೆ. ನಮ್ಮ ಮನೆಯಲ್ಲಿ ಬಣ್ಣ ನೋಡಿ ಎತ್ತಿಗೆ ಕೆಂದ, ಹಂಡ ಅಂತ ಹೆಸರಿಡುತ್ತಿದ್ದೆವು. ಅಲ್ಲಿ ಆ ಹೆಸರನ್ನು ಮನುಷ್ಯನೇ ಇಟ್ಟುಕೊಳ್ಳುತ್ತಾನೆ. ಅಂದಿನಿಂದ ಅವನು ಹಾಲು ಕರೆಯುವಂತಿಲ್ಲ. ಅದು ಹೆಣ್ಣುಮಕ್ಕಳ, ಚಿಕ್ಕ ಹುಡುಗರ ಕೆಲಸ.

ಚೀಟಿ ಬರೆಯುವಾಗ ಒಬ್ಬ ಹುಡುಗನ ವಯಸ್ಸು ಕೇಳಿದೆ. ದುಭಾಷಿ ಅವನ ಜೊತೆ ಬಹಳ ಹೊತ್ತು ಮಾತಾಡಿ, ‘ದೊಡ್ಡ ನೆರೆ ಬಂದ ಮಾರನೇ ವರ್ಷ ಹುಟ್ಟಿದ್ದಂತೆ’ ಎಂದ. ನಮ್ಮಜ್ಜಿಯೂ ಪ್ಲೇಗ್ ಬಂದ ವರ್ಷ ಎನ್ನುತ್ತಿದ್ದಳು. ಆಫ್ರಿಕಾದ ಯುವ ಸನ್ನದು 15ರಿಂದ 35 ವರ್ಷದವರನ್ನು ಯುವಜನ ಎನ್ನುತ್ತದೆ. ನಮ್ಮ 2014ರ ನೀತಿ 15ರಿಂದ 29 ಎಂದಿತು. ಅಲ್ಲಿ ಕೊನೆಯ ಜನಗಣತಿ ಆದದ್ದು 2008ರಲ್ಲಿ, ದೇಶ ಹುಟ್ಟುವ ಮೊದಲೇ. ತೋಯಿಚ್‌ನಲ್ಲಿ ಯೌವನ ಅಳೆಯುವುದು ದನದ ಲೆಕ್ಕದಲ್ಲಿ. ಮದುವೆಗೆ ಹೆಣ್ಣಿನ ಮನೆಯವರಿಗೆ ಕೊಡುವ ತೆರಕ್ಕೆ ಬೇಕಾದಷ್ಟು ಹಸು ಕೂಡಿಸುವವರೆಗೂ ಅವನು ಹುಡುಗನೇ. ತೆರ ಏರಿದಂತೆ ಪಕ್ಕದವರ ದನ ಹೊಡೆಯಲು ಬಂದೂಕು ಹಿಡಿದು ಹೊರಡುತ್ತಾರೆ. ಅಲ್ಲಿನ ಗುಂಡಿನ ಸದ್ದಿಗೆ ರಾಜಕೀಯವೊಂದೇ ಕಾರಣವಲ್ಲ. ಅದೇ ತೆರದ ಆಸೆಗೆ ಸುಮಾರು ಅರ್ಧದಷ್ಟು ಹೆಣ್ಣುಮಕ್ಕಳಿಗೆ 18 ತುಂಬುವ ಮೊದಲೇ ಮದುವೆ ಮಾಡುತ್ತಾರೆ. ಮೇಕೆ ಹಿಡಿದುಕೊಂಡು ಸಾಲಿನ ಕೊನೆಗೆ ನಿಲ್ಲುತ್ತಿದ್ದ ಒಬ್ಬ ಹುಡುಗಿ ಮೂರು ವಾರ ತಪ್ಪದೆ ಬಂದಳು. ಸಿರಿಂಜಿಗೆ ಮದ್ದು ಎಳೆಯುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ನಾಲ್ಕನೇ ವಾರ ಬರಲಿಲ್ಲ. ಕೇಳಿದರೆ, ಮದುವೆಯಾಯಿತು ಎಂದರು.

2018ರ ಶಾಂತಿ ಒಪ್ಪಂದ ಯುವಜನ ಖಾತೆಯ ಸಚಿವರಿಗೆ 40 ತುಂಬಿರಬಾರದು ಎಂದು ಬರೆಯಿತು. ಒಳ್ಳೆಯದೇ. ಆದರೆ ಯುವ ನೀತಿಗಾಗಿ ರಾಜಧಾನಿ ಜುಬಾದ ಸಭಾಂಗಣದಲ್ಲಿ ಇಂಗ್ಲಿಷ್‌ನಲ್ಲಿ ಸಭೆ ಸೇರಿದರೆ ಇಂಗ್ಲಿಷ್ ಬಲ್ಲ ಪೇಟೆಯ ಹುಡುಗರು ಬರುತ್ತಾರೆ. ಎತ್ತಿನ ಹೆಸರಿನವನು ಬರುವುದಿಲ್ಲ, ಮೇಕೆಯ ಹುಡುಗಿ ಬರುವುದಿಲ್ಲ. ಉಗಾಂಡದ ನಿರಾಶ್ರಿತರ ಶಿಬಿರಗಳಲ್ಲಿ ಬೆಳೆಯುತ್ತಿರುವ ಲಕ್ಷಾಂತರ ಮಕ್ಕಳಿಗಂತೂ ಸಭೆ ಆದದ್ದೇ ಗೊತ್ತಾಗುವುದಿಲ್ಲ.

ಇವರನ್ನು ತಲುಪಲು ಆಗುವುದಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆ ದೊಡ್ಡ ರೋಗ ಎನ್ನುತ್ತಿದ್ದ ರಿಂಡರ್‌ಪೆಸ್ಟ್ ಅಲ್ಲಿಯೂ ದನಗಳನ್ನು ಸಾಲು ಸಾಲಾಗಿ ಕೊಂದಿತ್ತು. 1990ರ ದಶಕದ ಯುದ್ಧದ ನಡುವೆ ವೈದ್ಯರು ಹೋಗಲಾಗದ ಕಡೆಗೆ ದನಗಾಹಿಗಳೇ ಲಸಿಕೆ ಹೊತ್ತರು. ಆಯಾ ಊರಿನವರೇ ಆರಿಸಿಕೊಟ್ಟವರಿಗೆ ತರಬೇತಿ ಕೊಟ್ಟರು. ಬಿಸಿಲು ತಡೆಯುವ ಲಸಿಕೆಯಾದ್ದರಿಂದ ಫ್ರಿಜ್ಜಿನ ಹಂಗಿರಲಿಲ್ಲ. 2011ರ ಜೂನ್‌ನಲ್ಲಿ ಆ ರೋಗ ಭೂಮಿಯಿಂದಲೇ ಹೋಯಿತೆಂದು ಘೋಷಿಸಿದರು. ಜುಲೈ 9ಕ್ಕೆ ದಕ್ಷಿಣ ಸುಡಾನ್ ಸ್ವತಂತ್ರವಾಯಿತು. ಓದು ಬಾರದ ಹುಡುಗರ ಕೈಯಲ್ಲಿ ಇಷ್ಟು ದೊಡ್ಡ ಕೆಲಸ ಆಗಿದೆ. ನೀತಿಗಾಗಿ ಯುವಜನರ ಅಭಿಪ್ರಾಯ ಕೇಳಿ ತರುವ ಕೆಲಸವನ್ನೂ ಅಂಥವರಿಗೇ ಕೊಡಬಹುದು, ಡಿಂಕಾ, ನುಎರ್, ಮುರ್ಲೆ ಮಾತಿನಲ್ಲಿ, ಲಸಿಕೆ ಹಾಕುವ ದಿನವೇ. ಅವತ್ತು ಕರೆಯದಿದ್ದರೂ ಎಲ್ಲರೂ ಸೇರುತ್ತಾರೆ. ಹುಡುಗಿಯರನ್ನು ಹೆಂಗಸರೇ ಬೇರೆ ಕೂರಿಸಿ ಕೇಳಬೇಕು. ಅಣ್ಣತಮ್ಮಂದಿರ ಎದುರು ಅವರು ಬಾಯಿ ಬಿಡುವುದಿಲ್ಲ.

ಭಾರತ ಆ ದೇಶದ ಅಧಿಕಾರಿಗಳಿಗೆ ಐಟೆಕ್ ಎಂಬ ತನ್ನ ತಾಂತ್ರಿಕ ಸಹಕಾರ ಯೋಜನೆಯಲ್ಲಿ ತರಬೇತಿ ಕೊಡುತ್ತದೆ. ಅದರಲ್ಲಿ ಕೆಲವು ಸ್ಥಾನಗಳನ್ನು ಈ ದನಗಾಹಿ ಲಸಿಕೆದಾರರಿಗೆ ಇಡಲಿ ಎಂದು ವಿದೇಶಾಂಗ ಇಲಾಖೆಗೆ ನಿಮ್ಮ ಮೂಲಕ ಕೋರುತ್ತೇನೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಹುಡುಗರು ತೋಯಿಚ್‌ನಲ್ಲಿ ಸಿಗುತ್ತಾರೆ. ಮಳೆ ಹಿಡಿದರೆ ಬೋರ್‌ನಿಂದಾಚೆ ಜೀಪು ಹೋಗುವುದಿಲ್ಲ.

– ನಿವೃತ್ತ ಹವಾಲ್ದಾರ್, ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ