ಮೂರರ ಕೈಗೆ ಪೆನ್ಸಿಲ್ ಬೇಡ

ಮಾನ್ಯರೇ,

ಮನೆಯಲ್ಲೇ ಐದಾರು ಮಕ್ಕಳನ್ನು ನೋಡಿಕೊಳ್ಳುವ ನಮ್ಮಂಥವರಿಗೆ ಪೋಷಕರು ಸಂಜೆ ಕೇಳುವ ಮೊದಲ ಪ್ರಶ್ನೆ, ‘ಇವತ್ತು ಏನು ಬರೆಸಿದಿರಿ?’ ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆಟವೇ ಕಲಿಕೆಯ ದಾರಿ ಎಂದಿದ್ದರೂ ಈ ಪ್ರಶ್ನೆ ನಿಂತಿಲ್ಲ.

ಮೂರು ವರ್ಷದ ಮಗುವಿನ ಮಣಿಕಟ್ಟಿನ ಎಲುಬುಗಳು ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಸಣ್ಣ ಪೆನ್ಸಿಲ್ ಕೊಟ್ಟರೆ ಮುಷ್ಟಿಯಲ್ಲಿ ಹಿಡಿದು ಒತ್ತುತ್ತದೆ, ಬೇಗ ಸೋಲುತ್ತದೆ. ಬೆರಳು ಬಲಿಯಲು ಚಪಾತಿ ಹಿಟ್ಟು ಸಾಕು: ಒಂದು ಲೋಟ ಹಿಟ್ಟು, ಒಂದು ಚಮಚ ಎಣ್ಣೆ, ನೀರು ಸ್ವಲ್ಪಸ್ವಲ್ಪವಾಗಿ. ಒಮ್ಮೆಲೇ ಸುರಿದರೆ ಅಂಟಂಟಾಗಿ ಕೆಲವು ಮಕ್ಕಳು ಮುಟ್ಟುವುದೇ ಇಲ್ಲ. ಕೆಡದಿರಲೆಂದು ಉಪ್ಪು ಸುರಿಯಬೇಡಿ. ಕಣ್ಣು ತಪ್ಪಿಸಿ ಬಾಯಿಗೆ ಹಾಕುವವರು ಇದ್ದೇ ಇರುತ್ತಾರೆ. ಹಸಿ ಹಿಟ್ಟು ತಿನ್ನದಂತೆ ಪಕ್ಕದಲ್ಲೇ ಕೂತಿರಬೇಕು, ಉಳಿದದ್ದನ್ನು ಅಂದೇ ಎಸೆಯಬೇಕು.

ಎಣಿಕೆಗೆ ಹುಣಸೆಬೀಜ ಚೆಂದ, ಆದರೆ ಮೂರು ತುಂಬಿದ ಮೇಲೆ. ಅದಕ್ಕೂ ಚಿಕ್ಕವರ ಗಂಟಲಲ್ಲಿ ಅದು ಸಿಕ್ಕಿಕೊಳ್ಳಬಹುದು. ಅವರಿಗೆ ಸ್ಟೀಲ್ ಲೋಟ, ಮರದ ಸೌಟು ಕೊಡಿ. ಎರಡೂ ವಯಸ್ಸಿನವರು ಒಂದೇ ಕೋಣೆಯಲ್ಲಿದ್ದರೆ ಬೀಜದಾಟ ಚಿಕ್ಕವರು ಮಲಗಿದಾಗ ಮಾತ್ರ. ಆಟ ಮುಗಿದ ಮೇಲೆ ಬೀಜ ಎಣಿಸಿಯೇ ಡಬ್ಬಿ ಮುಚ್ಚಬೇಕು. ಹಾಗೆ ಎಣಿಸುವುದೂ ಮಕ್ಕಳ ಕೆಲಸವೇ.

– ಮನೆ ಶಿಶುಪಾಲಕಿಯರು, ಮೈಸೂರು