ಇನ್ನು ಮುಂದೆ ಕಾರು ನೋಡದೆ ಸ್ಟೆಪ್ನಿ ಕೊಡುವುದಿಲ್ಲ

ಪ್ರಿಯ ಗ್ರಾಹಕರೇ, ನಮಸ್ಕಾರ.

ನಮ್ಮ ಉಡುಪಿ ಅಂಗಡಿಯಲ್ಲಿ ಒಂದು ಕ್ರಮ ಬದಲಾಗಿದೆ. ಇಷ್ಟು ದಿನ ನೀವು ಫೋನಿನಲ್ಲಿ ಕಾರಿನ ಹೆಸರು, ಟಯರ್ ಸೈಜು ಹೇಳಿದರೆ ಸಾಕಿತ್ತು. ನಾವು ಡಿಸ್ಕಿಗೆ, ಅಂದರೆ ಚಕ್ರದ ಲೋಹದ ಭಾಗಕ್ಕೆ, ಟಯರ್ ಕೂರಿಸಿ ಬಸ್ಸಿನಲ್ಲಿ ಪಾರ್ಸೆಲ್ ಕಳಿಸುತ್ತಿದ್ದೆವು. ಇನ್ನು ಅದಿಲ್ಲ. ಸೆಕೆಂಡ್ ಹ್ಯಾಂಡ್ ಕಾರಿಗೆ ಸ್ಟೆಪ್ನಿ ಬೇಕಾದರೆ ಕಾರನ್ನೇ ತರಬೇಕು.

ಕಾರಣ ನಮ್ಮದೇ ತಪ್ಪು. ಕಳೆದ ಮಳೆಗಾಲದಲ್ಲಿ ಕುಂದಾಪುರದ ಗ್ರಾಹಕರೊಬ್ಬರು ಹಳೆಯ ಕಾರು ತೆಗೆದುಕೊಂಡಿದ್ದರು. ಡಿಕ್ಕಿಯಲ್ಲಿ ಸ್ಟೆಪ್ನಿ ಇರಲಿಲ್ಲ. ಐದು ತೂತು, 15 ಇಂಚು ಅಂದರು, ನಾವು ಕಬ್ಬಿಣದ ಡಿಸ್ಕ್ ಕಳಿಸಿದೆವು. ಕಾರಿನಲ್ಲಿ ಹಿಂದಿನ ಮಾಲೀಕರು ಹಾಕಿಸಿದ ಅಲಾಯ್ (ಮಿಶ್ರಲೋಹದ ಡಿಸ್ಕ್) ಇತ್ತು, ಅದಕ್ಕೆ ತಕ್ಕ ಉದ್ದದ ಬೋಲ್ಟ್ ಇತ್ತು. ಅದನ್ನು ನಾವು ಕೇಳಲೇ ಇಲ್ಲ. ಪಡುಬಿದ್ರಿ ಹತ್ತಿರ ರಾತ್ರಿ ಹಿಂದಿನ ಟಯರ್ ಪಂಚರ್ ಆಯಿತು. ಸ್ಟೆಪ್ನಿ ಹಾಕಿ ಬೋಲ್ಟ್ ಬಿಗಿ ಮಾಡಿದರೆ ಚಕ್ರ ತಿರುಗುವುದೇ ಇಲ್ಲ! ಅಲಾಯ್ ದಪ್ಪ, ಕಬ್ಬಿಣದ ಡಿಸ್ಕ್ ತೆಳು. ಉಳಿದ ಉದ್ದವೆಲ್ಲ ಒಳಗೆ ಹೋಗಿ ಬ್ರೇಕಿಗೆ ತಾಗುತ್ತಿತ್ತು. ವಯಸ್ಸಾದ ತಾಯಿಯನ್ನು ಕೂರಿಸಿಕೊಂಡು ಅವರು ಆ ಮಳೆಯಲ್ಲಿ ಮಧ್ಯರಾತ್ರಿವರೆಗೆ ಹೆದ್ದಾರಿ ಬದಿಯಲ್ಲಿ ಕಾದರು. ನಾವು ಹಣ ವಾಪಸ್ ಕೊಟ್ಟೆವು. ಆದರೆ ಆ ರಾತ್ರಿಯನ್ನು ವಾಪಸ್ ಕೊಡಲು ಆಗುವುದಿಲ್ಲ.

ವೇಲ್ಸ್‌ನಲ್ಲಿ 1904ರಲ್ಲಿ ಹುಟ್ಟಿದ ಮೊದಲ ಸ್ಟೆಪ್ನಿಗೆ ಬೋಲ್ಟಿನ ಚಿಂತೆಯೇ ಇರಲಿಲ್ಲ. ಗಾಳಿ ಹೋದ ಚಕ್ರಕ್ಕೇ ಅದನ್ನು ಕ್ಲಾಂಪ್ ಹಾಕಿ ಬಿಗಿಯುತ್ತಿದ್ದರು. ಈಗಿನದು ನೇರ ಹಬ್ಬಿಗೆ, ಅಂದರೆ ಚಕ್ರವನ್ನು ಬಿಗಿಯುವ ಕಾರಿನ ಭಾಗಕ್ಕೆ, ಕೂರಬೇಕು, ಅಲ್ಲಿ ಒಂದೆರಡು ಮಿಲಿಮೀಟರ್ ಕೂಡ ಮುಖ್ಯ. ಹಳೆಯ ಫಿಯಟ್ ಪಾಲಿಯೋದ ನಾಲ್ಕು ಬೋಲ್ಟ್ ತೂತುಗಳ ನಡುಬಿಂದುಗಳ ಮೇಲೆ ಹಾಯುವ ವೃತ್ತದ ವ್ಯಾಸ 98 ಮಿಲಿಮೀಟರ್. ಹೋಂಡಾ ಸಿಟಿಯದ್ದು 100. ಒಂದರ ಡಿಸ್ಕ್ ಇನ್ನೊಂದಕ್ಕೆ ಒತ್ತಾಯ ಮಾಡಿದರೆ ಕೂತಂತೆ ಕಾಣುತ್ತದೆ, ಆದರೆ ಬೋಲ್ಟ್ ಓರೆಯಾಗಿರುತ್ತದೆ. ಓಡಿದಷ್ಟೂ ಸಡಿಲ. ಫೋರ್ಡ್ ಫಿಗೋದ್ದು 108, ಅದು ಕೂರುವುದೇ ಇಲ್ಲ. ಹಾಗೆ ಕೂರದಿರುವುದು ಎಷ್ಟೋ ವಾಸಿ, ಮೋಸವಾದರೂ ಆಗುವುದಿಲ್ಲ.

ನಮಗೆ ಜಾಸ್ತಿ ಹೆದರಿಕೆ ಬೋಲ್ಟ್, ನಟ್‌ಗಳದ್ದೇ. ಮಾರುತಿ, ಹ್ಯುಂಡೈ ಎರಡರ ನಟ್ಟೂ 12 ಮಿಲಿಮೀಟರಿನದು, ಕೈಯಲ್ಲಿ ಹಿಡಿದರೆ ಒಂದೇ ಥರ. ಆದರೆ ಥ್ರೆಡ್ಡಿನ ಒಂದು ಸುತ್ತಿಗೂ ಮುಂದಿನದಕ್ಕೂ ಇರುವ ಅಂತರ ಮಾರುತಿಯಲ್ಲಿ 1.25 ಮಿಲಿಮೀಟರ್, ಹ್ಯುಂಡೈಯಲ್ಲಿ 1.5. ತಪ್ಪಿದ್ದನ್ನು ಹಾಕಿದರೆ ಒಂದೆರಡು ಸುತ್ತು ಹೋಗಿ ನಿಲ್ಲುತ್ತದೆ. ಸ್ಪ್ಯಾನರಿಗೆ ಕಾಲು ಕೊಟ್ಟು ಒತ್ತಿದರೆ ನಟ್ ಕೂರುವ ಹಬ್ಬಿನ ಸ್ಟಡ್ಡೇ ಹಾಳು. ಇನ್ನು ಫೋಕ್ಸ್‌ವ್ಯಾಗನ್ ಪೋಲೋ ಬೋಲ್ಟಿನ ತಲೆಯ ಕೆಳಭಾಗ ಗೋಲಿಯಂತೆ ದುಂಡಗಿದೆ. ಅಂಗಡಿಯಲ್ಲಿ ಸಿಗುವ ಎಷ್ಟೋ ಅಲಾಯ್‌ಗಳ ಬೋಲ್ಟಿಗೆ ಆಲಿಕೆಯಂತೆ ಓರೆ ಇರುತ್ತದೆ. ಬಿಗಿ ಮಾಡುವಾಗ ಎರಡೂ ಒಂದೇ ಅನಿಸುತ್ತದೆ, ಆದರೆ ತಪ್ಪಿದ್ದು ಡಿಸ್ಕಿಗೆ ಒಂದು ಗೆರೆಯಷ್ಟು ಮಾತ್ರ ತಾಗಿರುತ್ತದೆ. ಇದನ್ನು ಫೋನಿನಲ್ಲಿ ಹೇಗೆ ನೋಡುವುದು? ಬೋಲ್ಟ್ ಕಳಚಿ ಕೈಯಲ್ಲೇ ನೋಡಬೇಕು.

ನೀವು ಕಾರು ತಂದರೆ ಸ್ಟೆಪ್ನಿಯನ್ನು ಮುಂದೆ ಒಮ್ಮೆ, ಹಿಂದೆ ಒಮ್ಮೆ ಹಾಕಿ ಕೈಯಿಂದ ತಿರುಗಿಸಿ ನೋಡುತ್ತೇವೆ. ಅಲಾಯ್ ಬೋಲ್ಟ್ ಡಿಸ್ಕಿಗೆ ಹೊಂದದಿದ್ದರೆ ಬೇರೆ ಸೆಟ್ ಬೋಲ್ಟ್ ಚೀಲದಲ್ಲಿ ಹಾಕಿ ಸ್ಟೆಪ್ನಿ ಜೊತೆಗೇ ಇಡುತ್ತೇವೆ. ಬೋಲ್ಟಿನ ಬೆಲೆ ಮಾತ್ರ, ಕೂಲಿ ಇಲ್ಲ. ಅರ್ಧ ಗಂಟೆ ಕೆಲಸ. ಟಯರ್ ಬದಿಯಲ್ಲಿ ನಾಲ್ಕು ಅಂಕಿಯ ತಾರೀಖು ಇರುತ್ತದೆ, 2319 ಅಂದರೆ 2019ರ 23ನೇ ವಾರ. ಅದನ್ನೂ ತೋರಿಸಿಯೇ ಕೊಡುತ್ತೇವೆ.

ಬೈಂದೂರು, ಕಾರ್ಕಳದ ಕಡೆಯವರಿಗೆ ಇದು ತೊಂದರೆ, ಗೊತ್ತು. ಸುಮ್ನೆ ಸ್ಟೆಪ್ನಿಗಾಗಿಯೇ ಬರಬೇಡಿ, ಉಡುಪಿಗೆ ಬೇರೆ ಕೆಲಸ ಇದ್ದ ದಿನ ಬನ್ನಿ. ಹಿಂದೆ ನಮ್ಮಿಂದ ಪಾರ್ಸೆಲ್‌ನಲ್ಲಿ ಸ್ಟೆಪ್ನಿ ತರಿಸಿಕೊಂಡವರು ಮಾತ್ರ ಆಗುಂಬೆ, ಶಿರಾಡಿ ಘಾಟಿ ಹತ್ತುವ ಮೊದಲು ದಯವಿಟ್ಟು ಒಮ್ಮೆ ಬಂದು ಹೋಗಿ. ಉಚಿತವಾಗಿ ಹಾಕಿ ನೋಡುತ್ತೇವೆ. ಹೊಂದದಿದ್ದರೆ ಪೂರ್ತಿ ಹಣ ವಾಪಸ್, ಬಿಲ್ ಇಲ್ಲದಿದ್ದರೂ ಪರವಾಗಿಲ್ಲ.

ಬರುವಾಗ ಚಕ್ರ ಕಳುವಾಗದಂತೆ ಹಾಕುವ ಲಾಕ್ ಬೋಲ್ಟಿನ ಕೀ ಇದ್ದರೆ ಮರೆಯದೆ ತನ್ನಿ. ಹಳೆಯ ಮಾಲೀಕರ ಹತ್ತಿರವೇ ಉಳಿದಿದ್ದರೆ ಈಗಲೇ ಕೇಳಿ ತೆಗೆದುಕೊಳ್ಳಿ. ಅದಿಲ್ಲದೆ ಆ ಚಕ್ರ ಬಿಚ್ಚುವುದು ಕಷ್ಟ.

ಇಂತಿ,
ನಿಮ್ಮ ಟಯರ್ ಅಂಗಡಿಯವರು
ಉಡುಪಿ